ತ್ರಿಲೋಕನಾಥನ ಆರು ಕೈ

ಮನಾಲಿಯಿಂದ ಅಟಲ್ ಸುರಂಗದ ಒಂಬತ್ತು ಕಿಲೋಮೀಟರ್ ದಾಟಿದರೆ ಹಿಮಾಚಲದ ಲಾಹೌಲ್ ಕಣಿವೆ. 2020ರಲ್ಲಿ ಈ ಸುರಂಗ ತೆರೆಯುವ ಮೊದಲು, ಹಿಮ ಬಿದ್ದು ರೋಹ್ತಾಂಗ್ ಘಾಟಿ ಮುಚ್ಚಿತೆಂದರೆ ತಿಂಗಳುಗಟ್ಟಲೆ ಇಲ್ಲಿಗೆ ದಾರಿಯೇ ಇರಲಿಲ್ಲ. ಬೋಳು ಬೆಟ್ಟಗಳ ಬುಡದಲ್ಲಿ ಬಟಾಣಿ, ಆಲೂಗಡ್ಡೆಯ ಹೊಲಗಳು. ತಾಂಡಿಯಲ್ಲಿ ಚಂದ್ರಾ, ಭಾಗಾ ಎರಡೂ ಕೂಡಿ ಚಂದ್ರಭಾಗೆಯಾಗುತ್ತವೆ. ಅಮ್ಮ ಕಾರಿನಿಂದಿಳಿದು ಕೈಮುಗಿದರು. ಸಂಗಮ ಕಂಡರೆ ಅವರಿಗೆ ಹಾಗೆಯೇ.

ಹೊಳೆಯ ಜೊತೆಗೇ ಕೆಳಗಿಳಿದು, ಸೇತುವೆ ದಾಟಿ ಬೆಟ್ಟ ಹತ್ತಿದರೆ ತ್ರಿಲೋಕನಾಥ. ಕಲ್ಲಿನ ಶಿಖರ ನಮ್ಮ ಕಣ್ಣಿಗೆ ಶಿವಾಲಯವೇ. ಆದರೆ ಸುತ್ತ ಬೌದ್ಧರ ಪ್ರಾರ್ಥನಾ ಚಕ್ರಗಳು, ಒಳಗೆ ತುಪ್ಪದ ದೀಪಗಳು, ಪೂಜೆಗೆ ಲಾಮಾ. ಅಮೃತಶಿಲೆಯ ಬಿಳಿ ಮೂರ್ತಿ ಹಿಂದೂಗಳಿಗೆ ಶಿವ, ಬೌದ್ಧರಿಗೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಆಗಸ್ಟ್‌ನ ಪೋರಿ ಜಾತ್ರೆಗೆ ಇಬ್ಬರೂ ಬರುತ್ತಾರೆ.

ಗರ್ಭಗುಡಿಯ ಮುಂದೆ ಎರಡು ಕಂಬಗಳಿವೆ. ಕಂಬಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿದವನಿಗೆ ಪಾಪವಿಲ್ಲವೆಂದು ನಂಬಿಕೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಸಲೀಸಾಗಿ ಆಚೆ ಹೋದರು. ನಾನು ಹೊಟ್ಟೆ ಒಳಗೆಳೆದುಕೊಂಡೂ ಸೋತೆ. ಪಾಪವೋ, ನೀರ್‌ದೋಸೆಯೋ!

ದೀಪದ ಬೆಳಕಲ್ಲಿ ಅಮ್ಮ ತುಂಬ ಹೊತ್ತು ಮೂರ್ತಿಯನ್ನೇ ನೋಡಿದರು.

"ಆರು ಕೈ ಉಂಟಲ್ಲ ಮಗಾ. ನಮ್ಮ ಕದ್ರಿಯಲ್ಲಿ ಕೂತವನಿಗೂ ಆರೇ ಅಲ್ವಾ?"

ಮೈ ಜುಮ್ಮೆಂದಿತು. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿರುವ ಕಂಚಿನ ಲೋಕೇಶ್ವರನಿಗೆ ಮೂರು ಮುಖ, ಆರು ಕೈ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದವನು ಆಳುಪ ಅರಸ ಕುಂದವರ್ಮ. ಅವನು ಶಿವಭಕ್ತ, ವಿಹಾರವೆಂಬ ಮಾತು ಬೌದ್ಧರದು, ಆಮೇಲೆ ಬಂದವರು ನಾಥಪಂಥದ ಜೋಗಿಗಳು. ಈ ಲೋಕೇಶ್ವರ ಅವಲೋಕಿತೇಶ್ವರನೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಗೋಮುಖದ ನೀರು ತಲೆಗೆ ಚಿಮುಕಿಸಿಕೊಂಡು ಅವನೆದುರು ಸೋಮವಾರ ಸೋಮವಾರ ನಿಂತಿದ್ದೇನೆ. ಕೈ ಎಷ್ಟೆಂದು ಒಮ್ಮೆಯೂ ಎಣಿಸಿರಲಿಲ್ಲ.

ಎರಡೂ ಒಂದೇ ಎಂದು ವಾದಿಸಲು ನಾನು ಪಂಡಿತನಲ್ಲ. ಕಡಲ ಬದಿಯಲ್ಲೂ ಹಿಮದ ಬದಿಯಲ್ಲೂ ಜನ ಅವನ ಹೆಸರಿಗಾಗಿ ಜಗಳವಾಡದೆ ದೀಪ ಹಚ್ಚಿದರಲ್ಲ, ನನಗೆ ಅದೇ ದರ್ಶನ.

ಹೊರಗೆ ಊರಿನ ಅಜ್ಜಿಯೊಬ್ಬರು 'ಓಂ ಮಣಿ ಪದ್ಮೇ ಹೂಂ' ಎನ್ನುತ್ತ ಚಕ್ರ ತಿರುಗಿಸುತ್ತಿದ್ದರು. ಅಮ್ಮ ಅವರ ಹಿಂದೆಯೇ ಹೊರಟರು, ತುಟಿಯಲ್ಲಿ 'ನಮಃ ಶಿವಾಯ'. ಸುತ್ತು ಮುಗಿದಾಗ ಅಜ್ಜಿ ನಕ್ಕು, ಅಮ್ಮನ ಕೈಹಿಡಿದು ಇನ್ನೊಂದು ಸುತ್ತಿಗೆ ಕರೆದೊಯ್ದರು.