ಅಮ್ಮನ ಮಂಡಿ ಒಪ್ಪುವ ಹಾದಿಗಳು: ಮೂರು ತಿಂಗಳ ಲೆಕ್ಕ

ಸೆಪ್ಟೆಂಬರ್ ಕೊನೆಗೆ ಶುರುವಾದದ್ದು ಇದು. ಮೂಳೆ ಡಾಕ್ಟರು ಅಮ್ಮನಿಗೆ "ನಡೀರಿ, ಕೂತಷ್ಟೂ ಮಂಡಿ ಹಿಡ್ಕೊಳ್ಳುತ್ತೆ" ಅಂದರು. ಅಮ್ಮನಿಗೆ 68. ಶಿವಮೊಗ್ಗದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎರಡು ವಾರ ಸುತ್ತಿದಳು. ಆಮೇಲೆ ಗಾಣದೆತ್ತಿನ ಥರ ತಿರುಗೋದು ನನ್ನ ಕೈಲಾಗಲ್ಲ ಅಂತ ಕೂತುಬಿಟ್ಟಳು. "ಹುಟ್ಟಿದ್ದು ತೀರ್ಥಹಳ್ಳಿ ಕಾಡಲ್ಲಿ. ನಡೆಯೋದಾದ್ರೆ ಅಲ್ಲೇ ನಡೀತೀನಿ."

ಸರಿ, ಭಾನುವಾರಕ್ಕೊಂದು ಕೆಲಸ ಸಿಕ್ಕಿತು. ತೀರ್ಥಹಳ್ಳಿ, ಹೊಸನಗರ ಸೀಮೆಯಲ್ಲಿ ಅಮ್ಮ ಹತ್ತಿ, ಇಳಿದು, ಮಾರನೇ ದಿನ ಎಂದಿನಂತೆ ಎದ್ದು ಓಡಾಡಬಹುದಾದ ಹಾದಿಗಳ ಪಟ್ಟಿ ಮಾಡುವುದು. 'ಸುಲಭ ಚಾರಣ' ಅಂತ ಜನ ಹೇಳುವುದನ್ನು ನಂಬಿ ಹೊರಟರೆ ಕೆಟ್ಟಂತೆ. ಹಾಗೆ ಹೇಳುವವರೆಲ್ಲ ಇಪ್ಪತ್ತೈದರ ಹುಡುಗರು. ಅಮ್ಮ ಪ್ರೈಮರಿ ಶಾಲೆ ಟೀಚರ್ ಆಗಿ ನಿವೃತ್ತಿಯಾದವಳು. ಅಂಕ ಕೊಡುವ ಕೆಲಸ ತಾನೇ ವಹಿಸಿಕೊಂಡಳು. ಪ್ರತಿ ಹಾದಿಗೂ ಹತ್ತಕ್ಕೆ ಎಷ್ಟು ಅಂತ. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕು ಅವಳದು, ನೀಲಿ ನನ್ನದು.

ಅಕ್ಟೋಬರ್, ಮೊದಲ ಭಾನುವಾರ. ಕವಿಶೈಲ.

ಕುಪ್ಪಳಿಯ ಕವಿಮನೆ ನೋಡಿಕೊಂಡು, ಅಲ್ಲಿಂದ ಮರಗಳ ನಡುವೆ ಕಾಲುದಾರಿಯಲ್ಲಿ ಹತ್ತಿದೆವು. ಮೇಲಿನವರೆಗೆ ವಾಹನದ ರಸ್ತೆಯೂ ಇದೆ. ಮಂಡಿ ಕೈಕೊಟ್ಟರೆ ಕಾರು ತರಬಹುದು ಅನ್ನುವ ಧೈರ್ಯಕ್ಕೇ ಇದನ್ನು ಮೊದಲು ಇಟ್ಟುಕೊಂಡಿದ್ದೆ. ಕುವೆಂಪು ಸಮಾಧಿ, ದೊಡ್ಡ ದೊಡ್ಡ ಕಲ್ಲುಕಂಬಗಳ ಜೋಡಣೆ, ಬಂಡೆಯ ಮೇಲೆ ಕೊರೆದ ಹಸ್ತಾಕ್ಷರಗಳು. ಬಿ.ಎಂ.ಶ್ರೀ. ಸಹಿ ನೋಡಿ ಅಮ್ಮ, "ಶಾಲೆ ಬೆಂಚಿನ ಮೇಲೆ ಹೆಸರು ಕೆತ್ತಿದ ಹುಡುಗರಿಗೆ ನಾನು ಹೊಡೀತಿದ್ದೆ" ಅಂದಳು. ಎಂಟು ಅಂಕ. ಬಂಡೆ ಮೇಲೆ ಕೂತು ಪಶ್ಚಿಮಕ್ಕೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ. ಇಲ್ಲಿ ಬರೆಯಲು ಇನ್ನೇನಿಲ್ಲ. ಕಷ್ಟವೇ ಆಗಲಿಲ್ಲ.

ಮುಂದಿನ ವಾರ ಆಗುಂಬೆ ಹತ್ತಿರದ ಜೋಗಿಗುಂಡಿ. ದೂರ ತೀರಾ ಕಡಿಮೆ, ಏರು ಇಲ್ಲ. ಆದರೆ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಉಂಬಳ, ಅಂದರೆ ಜಿಗಣೆ! ನಾನು ಸುಣ್ಣ, ನಶ್ಯದ ಪುಡಿ ಎರಡನ್ನೂ ಕಾರಲ್ಲೇ ಬಿಟ್ಟಿದ್ದೆ. ಅಮ್ಮ ಸೀರೆ ಎತ್ತಿಕಟ್ಟಿ ಆರಾಮಾಗಿ ನಡೆದಳು, ನಾನು ಎರಡು ಹೆಜ್ಜೆಗೊಮ್ಮೆ ಬಗ್ಗಿ ಬೂಟು ನೋಡಿಕೊಂಡೆ. ಕೊನೆಗೆ ಎಣಿಸಿದರೆ ನನಗೆ ಏಳು, ಅವಳಿಗೆ ಒಂದು. ಬೂಟಿನೊಳಗೆ ಹೊಕ್ಕದ್ದು ಕಾಣುವುದಿಲ್ಲ, ಬರಿಗಾಲ ಮೇಲೆ ಹತ್ತಿದ್ದು ತಕ್ಷಣ ಗೊತ್ತಾಗುತ್ತೆ, ಅಷ್ಟೇ ಗುಟ್ಟು. ಆರು ಅಂಕ, "ಡಿಸೆಂಬರಿನಲ್ಲಿ ಮತ್ತೆ" ಅನ್ನುವ ಷರಾ.

ಅಕ್ಟೋಬರ್ ಕೊನೆ. ಕವಲೇದುರ್ಗ, ಮೊದಲ ಪ್ರಯತ್ನ. ನಪಾಸು.

ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ತೀರ್ಥಹಳ್ಳಿಯಿಂದ ಹದಿನೆಂಟು ಕಿ.ಮೀ. ಆಸುಪಾಸು. ಬುಡದಲ್ಲಿ ಊರು, ಗದ್ದೆ, ಪಕ್ಕದಲ್ಲಿ ಕೆರೆ. ಗದ್ದೆ ದಾಟಿದ ಮೇಲೆ ಕಲ್ಲುಹಾಸಿನ ದಾರಿ ಕಾಡಿನೊಳಗೆ ಏರುತ್ತದೆ. ಕೋಟೆ ಮೂರು ಸುತ್ತಿನದು. ಹಳೇ ಹೆಸರು ಭುವನಗಿರಿ. ಕೆಳದಿಯ ವೆಂಕಟಪ್ಪ ನಾಯಕ ಇದನ್ನು ಗಟ್ಟಿಯಾಗಿ ಕಟ್ಟಿಸಿದ. ದೊಡ್ಡ ದೊಡ್ಡ ಕಗ್ಗಲ್ಲು ಒಂದರ ಮೇಲೊಂದು ಕೂತಿವೆ. ಒಂದೊಂದು ಮಹಾದ್ವಾರದ ಎರಡೂ ಬದಿಗೆ ಕಾವಲುಗಾರರು ಕೂರುವ ಜಗಲಿ. ಶತ್ರುವನ್ನು ತಡೆಯಲು ಮಾಡಿದ್ದು, ಈಗ ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ನೆರಳು, ತಣ್ಣಗಿನ ಕಲ್ಲು, ಕೂರಲು ಸರಿಯಾದ ಎತ್ತರ.

ಹತ್ತುವುದು ಚೆನ್ನಾಗಿಯೇ ಆಯಿತು. ಎರಡನೇ ದ್ವಾರದ ಜಗಲಿಯಲ್ಲಿ ಕೂತಾಗ ನಾನೇ ಗಮನಿಸಿದೆ: ಹಾಸುಗಲ್ಲಿನ ಮೇಲೆಲ್ಲ ಹಾವಸೆ. ಹತ್ತುವಾಗ ಕಾಲ್ಬೆರಳು ಊರಿ ಹತ್ತುತ್ತೇವೆ, ಜಾರು ತಿಳಿಯುವುದಿಲ್ಲ. ಇಳಿಯುವಾಗ ಹಿಮ್ಮಡಿ ಮೊದಲು ಬೀಳುತ್ತೆ. ಆಗಲೇ ಎದೆ ಝಲ್ಲೆನ್ನುವುದು. ವಾಪಸ್ ಹೊರಟೆವು. ಅಮ್ಮನ ಕೋಲು ಅಂದರೆ ಬಿದಿರು, ತುದಿಗೆ ನಾನು ಹಾಕಿಕೊಟ್ಟ ಕುರ್ಚಿ ಕಾಲಿನ ರಬ್ಬರ್ ಬುಷ್. ಆ ಬುಷ್ ಎರಡು ಕಲ್ಲಿನ ಸಂದಿಗೆ ಸಿಕ್ಕಿ ಕಿತ್ತುಬಂತು. ಉರುಳಿಕೊಂಡು ಹೋಗಿ ಪೊದೆ ಸೇರಿತು. ಬರೀ ಬಿದಿರು ಒದ್ದೆ ಕಲ್ಲಿನ ಮೇಲೆ ನಿಲ್ಲಲೇ ಇಲ್ಲ. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೈ ಗೋಡೆ ಮೇಲೆ. ಹತ್ತಲು 40 ನಿಮಿಷ ಹಿಡಿದಿದ್ದ ದಾರಿ ಇಳಿಯಲು ಒಂದು ಗಂಟೆ ಮೇಲಾಯಿತು. ಬುಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ನೋಡಿ, "ಎಂತಕ್ಕೆ ಅಮ್ಮಾ ಈಗ ಬಂದದ್ದು? ಬಿಸಿಲು ಹಿಡಿದ ಮೇಲೆ ಬನ್ನಿ ಮಾರಾಯ್ರೆ" ಅಂದರು.

ಮೂರು ಅಂಕ. ಕೆಂಪು ಇಂಕಿನಲ್ಲಿ ಅಡಿಗೆರೆ ಬೇರೆ.

ಆದರೆ ನನ್ನ ಪಟ್ಟಿ ಸರಿಹೋದದ್ದು ಅವತ್ತೇ. ಅಲ್ಲಿವರೆಗೆ ದೂರ, ಎತ್ತರ ಅಂತ ಎರಡೇ ಕಾಲಂ ಇತ್ತು. ಎರಡನ್ನೂ ಹೊಡೆದುಹಾಕಿದೆ. ಈಗಿರುವುದು: ಇಳಿಜಾರಿನ ಕಲ್ಲು ಹೇಗಿದೆ, ಮೆಟ್ಟಿಲು ಮೊಳಕಾಲೆತ್ತರವೋ ಗೇಣೆತ್ತರವೋ, ಕೂರಲು ಜಾಗ ಎಷ್ಟು ಹೊತ್ತಿಗೊಮ್ಮೆ, ಹಿಡಿದುಕೊಳ್ಳಲು ಏನಿದೆ. ಹತ್ತುವಾಗ ಸುಸ್ತಾಗುವುದು ಉಸಿರಿಗೆ, ನಿಂತರೆ ಸರಿಹೋಗುತ್ತೆ. ಇಳಿಯುವಾಗ ಇಡೀ ಮೈಭಾರವನ್ನು ಬಗ್ಗಿದ ಮಂಡಿ ತಡೆದು ನಿಲ್ಲಿಸಬೇಕು. ಡಾಕ್ಟರು ಹೇಳಿದ್ದರು, ಕೇಳಿಸಿಕೊಂಡಿರಲಿಲ್ಲ.

ನವೆಂಬರ್. ಮೂರು ಭಾನುವಾರ, ಮೂರು ಕಡೆ.

ನಗರ ಕೋಟೆ ರಸ್ತೆಗೆ ಅಂಟಿಕೊಂಡೇ ಇದೆ. ಹಿಂದಿನ ಬಿದನೂರು. ಇಕ್ಕೇರಿಯ ನಂತರ ಕೆಳದಿಯವರ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದು ಹೈದರ್ ನಗರ ಅಂತ ಹೆಸರಿಟ್ಟ, ಜನರ ಬಾಯಲ್ಲಿ ನಗರ ಉಳಿಯಿತು. ಏರು ಸ್ವಲ್ಪವೇ. ಮೇಲೆ ದರ್ಬಾರು ಇದ್ದ ಜಾಗದ ಅಡಿಪಾಯ, ಅಕ್ಕ-ತಂಗಿ ಕೊಳ. ಶಿವಪ್ಪ ನಾಯಕ ಹೊಲಗದ್ದೆ ಅಳೆಸಿ ಕಂದಾಯ ಗೊತ್ತುಮಾಡಿದ್ದಕ್ಕೆ 'ಶಿಸ್ತು' ಅಂತಲೇ ಹೆಸರು. ಆ ಪದ ಕೇಳಿದ್ದೇ ಅಮ್ಮನಿಗೆ ಖುಷಿ. ಅಂಕ ಒಂಬತ್ತಕ್ಕೇರಿತು. ಇದು ಪಕ್ಷಪಾತ ಅಂತ ನೀಲಿ ಇಂಕಿನಲ್ಲಿ ಬರೆದಿಟ್ಟಿದ್ದೇನೆ.

ಕುಂದಾದ್ರಿಗೆ ಮೇಲಿನ ತನಕ ಕಾರು ಹೋಗುತ್ತೆ. ಉಳಿದದ್ದು ಕೆಲವು ಮೆಟ್ಟಿಲು. ಒಂದೇ ಬಂಡೆಯ ಗುಡ್ಡ, ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ. ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಜಾಗ ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಹೋದರೆ ಕೆಳಗೆಲ್ಲ ಮಂಜು, ನಾವು ಮಾತ್ರ ಮೇಲೆ. ನನಗೆ ಬಲು ಇಷ್ಟವಾಯಿತು. ಅಮ್ಮ ನಾಲ್ಕೇ ಅಂಕ ಕೊಟ್ಟಳು. "ಕಾರು ಹತ್ತಿತು. ನಾನೆಲ್ಲಿ ಹತ್ತಿದೆ?"

ಕೊಡಚಾದ್ರಿ ನನ್ನ ಹಟ. 1,343 ಮೀಟರ್. ಮಾಮೂಲಿ ಚಾರಣ ನಮಗಲ್ಲ, ಆದರೆ ಜೀಪಿನಲ್ಲಿ ಹೋಗಿ ಸರ್ವಜ್ಞಪೀಠಕ್ಕಷ್ಟೇ ನಡೆಯಬಹುದಲ್ವಾ ಅಂದುಕೊಂಡೆ. ನಡಿಗೆ ಪರವಾಗಿರಲಿಲ್ಲ. ಜೀಪು! ಆ ಕಲ್ಲುಗುಂಡಿ ದಾರಿಯಲ್ಲಿ ಒಂದು ಗಂಟೆ ಕುಲುಕಿಸಿಕೊಂಡ ಮೇಲೆ ಮಂಡಿ ಬಿಟ್ಟು ಸೊಂಟ ಹಿಡಿಯಿತು. ಎರಡು ದಿನ ಬಿಸಿನೀರಿನ ಚೀಲ. ಅಂಕ ಇಲ್ಲ, 'ಗೈರುಹಾಜರಿ' ಅಂತ ಬರೆದಿದ್ದಾಳೆ. ಪಟ್ಟಿಯಿಂದ ತೆಗೆದೆ.

ಡಿಸೆಂಬರ್ ಎರಡನೇ ವಾರ. ಕವಲೇದುರ್ಗ, ಮರುಪರೀಕ್ಷೆ.

ಆರು ವಾರದಲ್ಲಿ ಅದೇ ಕಲ್ಲು ಬೇರೆ ಕಲ್ಲಾಗಿತ್ತು. ಹಾವಸೆ ಒಣಗಿ ಕಪ್ಪಗೆ ಸಿಪ್ಪೆಯಂತೆ ಏಳುತ್ತಿತ್ತು. ಕೋಲಿಗೆ ಹೊಸ ಬುಷ್. ಈ ಸಲ ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಬುಷ್ ಒತ್ತಿ, ಹೊರಗಿಂದ ತೆಳು ತಂತಿ ಬಿಗಿದಿದ್ದೆ. ಬೆಳಿಗ್ಗೆ ಎಂಟೂವರೆಗೆ ಹತ್ತಲು ಶುರು. ಪ್ರತಿ ದ್ವಾರದಲ್ಲೂ ಹತ್ತು ನಿಮಿಷ ಕೂರುವುದು ಅಂತ ಮೊದಲೇ ಕರಾರು.

ಎರಡನೇ ಜಗಲಿಯಲ್ಲಿ ಕೂತಾಗ, ಎಲ್ಲೋ ಓದಿದ್ದನ್ನು ಅಮ್ಮನಿಗೆ ಹೇಳಿದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯವನು ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ, ಇದೇ ವೆಂಕಟಪ್ಪ ನಾಯಕನನ್ನು ನೋಡಲು ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಬೆರಳಲ್ಲಿ ಲೆಕ್ಕ ಬರೆಯುವುದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಅಮ್ಮನಿಗೆ ಬೆರಗೇನೂ ಆಗಲಿಲ್ಲ. "ನಾನೂ ಮರಳಲ್ಲೇ ತಿದ್ದಿದ್ದು. ತಪ್ಪಾದ್ರೆ ಒರೆಸಿದ್ರಾಯ್ತು, ಪೇಪರ್ ಖರ್ಚಿಲ್ಲ" ಅಂದು ಎದ್ದು ಹೊರಟೇಬಿಟ್ಟಳು. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ.

ಕಾಶಿ ವಿಶ್ವನಾಥ ದೇವಸ್ಥಾನದ ಮುಂದೆ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ. ಆಮೇಲೆ ಅರಮನೆಯ ತಳಪಾಯ. ಗೋಡೆ ಸೊಂಟದೆತ್ತರ ಉಳಿದಿಲ್ಲ, ಆದರೆ ಅಡುಗೆಮನೆ ಎಲ್ಲಿತ್ತು, ಬಚ್ಚಲು ಎಲ್ಲಿತ್ತು ಅಂತ ಕಾಣುತ್ತೆ. ಕಲ್ಲಿನ ಒಲೆ ಇದೆ, ಒಂದೇ ಉರಿಗೆ ಐದು ಪಾತ್ರೆ ಕೂರಿಸುವಂಥದ್ದು. ಅಮ್ಮ ಕೋಟೆಗಿಂತ ಅದನ್ನೇ ಜಾಸ್ತಿ ಹೊತ್ತು ನೋಡಿದಳು. ಬಗ್ಗಿ, ಸೌದೆ ಇಡುವ ಬಾಯಿಯೊಳಗೆ ಕೈ ಹಾಕಿ, "ಹಿಂದಿನ ಗುಣಿಗೆ ಉರಿ ಹೋಗ್ತಿತ್ತಾ, ಇಲ್ಲ ಬರೀ ಶಾಖಾನಾ?" ಅಂತ ನನ್ನನ್ನು ಕೇಳಿದಳು. ನನಗೇನು ಗೊತ್ತು. ತುತ್ತತುದಿಯ ಪುಟ್ಟ ಗುಡಿಗೆ ಹೋಗುವ ಬಂಡೆಯ ಬುಡದಲ್ಲಿ ಅವಳೇ ನಿಂತಳು. ನಾನೊಬ್ಬನೇ ಹತ್ತಿ ಬಂದೆ.

ಕೊನೆ ದ್ವಾರದವರೆಗೂ ಅವಳು ನನ್ನ ಭುಜ ಹಿಡಿಯಲಿಲ್ಲ. ಎತ್ತರದ ಮೆಟ್ಟಿಲು ಬಂದಾಗ ಅಡ್ಡಡ್ಡ ತಿರುಗಿ, ನೋವಿನ ಕಾಲು ಮೊದಲು ಕೆಳಗಿಟ್ಟು, ಕೋಲು ಊರಿ ಇಳಿದಳು. ಫಿಸಿಯೋಥೆರಪಿಯವರು ಕಲಿಸಿದ ರೀತಿ ಅದು. ಹತ್ತಲು 1 ಗಂಟೆ 20 ನಿಮಿಷ, ಇಳಿಯಲು 1 ಗಂಟೆ 25, ಕೂತದ್ದೂ ಸೇರಿ. ಎಂಟು ಅಂಕ. ಎರಡು ಕಳೆದದ್ದು ಇಳಿಯುವಾಗ ಹಿಡಿಯಲು ಏನೂ ಇಲ್ಲ ಅಂತ.

ಜನವರಿ. ಸದ್ಯಕ್ಕೆ ನಿಲುಗಡೆ.

ಜೋಗಿಗುಂಡಿ 'ಮತ್ತೆ' ಹಾಗೇ ಉಳಿಯಿತು. ಬೇಸಿಗೆ ಹತ್ತಿರ ಬಂತು ಅಂದರೆ ಈ ಕಡೆ ಮಂಗನ ಕಾಯಿಲೆ ಭಯ. ಇದರ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಒಣ ತರಗೆಲೆಯ ಮೇಲೆ ಕೂರುವುದು, ಹುಲ್ಲು ಸವರಿಕೊಂಡು ನಡೆಯುವುದು ಈಗ ಬೇಡ. ಮಂಗ ಸತ್ತ ಸುದ್ದಿ ಇರುವ ಕಡೆಗಂತೂ ಹೋಗಲೇಬಾರದು. ಕಾಡಿಗೆ ಹೋಗಲೇಬೇಕಾದವರಿಗೆ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತಾರೆ. ನಾವು ಹೋಗಲೇಬೇಕಾದವರಲ್ಲ.

ಹಾಗಾದರೆ ಅಮ್ಮನ ಮಂಡಿಗೆ ಸಿಗುವುದು ಕಲ್ಲು ಒಣಗಿದ ಮೇಲೆ, ಉಣುಗು ಏಳುವ ಮುಂಚೆ, ಹೆಚ್ಚೆಂದರೆ ನವೆಂಬರ್ ಮತ್ತು ಡಿಸೆಂಬರ್. ಒಂದು ವರ್ಷಕ್ಕೆ ಎಂಟೊಂಬತ್ತು ಭಾನುವಾರ. ಅಲ್ಲಿವರೆಗೆ ಇಕ್ಕೇರಿ, ಕೆಳದಿ ದೇವಸ್ಥಾನಗಳು. ನೆಲ ಸಮ, ಕಾಡು ಇಲ್ಲ. "ಅದು ಪಾರ್ಕೇ ಅಲ್ವೇನೋ?" ಅಂತ ಈಗಲೇ ಗೊಣಗಾಟ ಶುರುವಾಗಿದೆ.

ಕುರ್ಚಿ ಬುಷ್ ಬಿಡಿಯಾಗಿ ಕೊಡಲ್ಲ, ನಾಲ್ಕರ ಸೆಟ್ಟು. ಒಂದು ಕವಲೇದುರ್ಗದ ಪೊದೆಯಲ್ಲಿದೆ, ಒಂದು ಕೋಲಿನಲ್ಲಿದೆ. ಎರಡು ಡ್ರಾಯರಿನಲ್ಲಿ ಇಟ್ಟಿದ್ದೇನೆ.