ಲಾಂಗ್ಜಾದ ಬಟಾಣಿ ಹೊಲದಲ್ಲಿ ಸಿಕ್ಕ ಕಲ್ಲು

ನಮ್ಮನೆ ದೇವರ ಕೋಣೆಯಲ್ಲಿ ಒಂದು ತಾಮ್ರದ ಸಂಪುಟವಿದೆ. ಅದರೊಳಗೆ ಐದು ಸಾಲಿಗ್ರಾಮ. ನಾನು ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತು. ಒಂದು ದಿನವೂ ಅವನ್ನು ಮುಟ್ಟಿದವಳಲ್ಲ. ಹೆಂಗಸರು ಮುಟ್ಟಬಾರದು ಅನ್ನುವುದು ಮನೆಯ ಕಟ್ಟು. ಮಾವನವರು ಇರುವಾಗ ಅಭಿಷೇಕ ಮಾಡಿ ಮೂರು ಉದ್ಧರಣೆ ತೀರ್ಥ ಕೊಡುತ್ತಿದ್ದರು. ನಾನು ಕೈಯೊಡ್ಡುತ್ತಿದ್ದೆ. ಆ ಕಲ್ಲಿಗೂ ನನಗೂ ಇದ್ದ ನಂಟು ಅಷ್ಟೇ.

ಅಂಥದ್ದೊಂದು ಕಲ್ಲನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು 2022ರ ಆಗಸ್ಟ್ ಕೊನೆಯಲ್ಲಿ, ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಲಾಂಗ್ಜಾ ಊರಿನ ಒಂದು ಬಟಾಣಿ ಹೊಲದ ಬದುವಿನ ಮೇಲೆ.

ಹೊರಡಿಸಿದ್ದು ಮಗಳು. ಬೆಂಗಳೂರಲ್ಲಿ ಕೆಲಸ ಮಾಡುತ್ತಾಳೆ. "ಅಮ್ಮಾ, ನೀನು ಹುಟ್ಟಿದ್ದು ಮಳೆಯಲ್ಲಿ, ಬೆಳೆದದ್ದು ಮಳೆಯಲ್ಲಿ. ಒಂದು ಸಲ ಮಳೆಯೇ ಇಲ್ಲದ ಊರು ನೋಡು ಬಾ" ಅಂದಳು. ನಮ್ಮೂರು ಆಗುಂಬೆ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಗಸ್ಟ್ ಅಂದರೆ ಅಡಿಕೆಗೆ ಕೊಳೆರೋಗ ಬರುವ ಕಾಲ. ಎರಡನೇ ಸಲ ಮೈಲುತುತ್ತ ಹೊಡೆಸುವುದು ಬಾಕಿ ಇತ್ತು. ಹಾಗಾಗಿ ಯಜಮಾನರು ಮನೆಯಲ್ಲೇ ಉಳಿದರು. ನಾವಿಬ್ಬರೇ ಹೊರಟೆವು.

ಶಿಮ್ಲಾದಿಂದ ರಾಮಪುರ, ರೆಕಾಂಗ್ ಪಿಯೋ. ಅಲ್ಲಿಂದ ಬೆಳಗಿನ ಜಾವದ ಸರ್ಕಾರಿ ಬಸ್. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಅಲ್ಲಿಯವರೆಗೂ ಅಲ್ಲಲ್ಲಿ ಹಸಿರಿತ್ತು. ಆಮೇಲೆ ಬರೀ ಮಣ್ಣು, ಬಂಡೆ, ಆಕಾಶ. ಟಾಬೋದಲ್ಲಿ ಒಂದು ರಾತ್ರಿ ಇದ್ದೆವು. ಅಲ್ಲಿಯ ಗೊಂಪಾ, ಅಂದರೆ ಬೌದ್ಧ ಮಠ, 996ರಲ್ಲಿ ಕಟ್ಟಿದ್ದು, ಪೂರ್ತಿ ಮಣ್ಣಿನದು. ನಮ್ಮಲ್ಲಿ ಆ ಮಣ್ಣಿನ ಗೋಡೆ ಒಂದು ಆಷಾಢವನ್ನೂ ದಾಟುತ್ತಿರಲಿಲ್ಲ! ಮಳೆಯನ್ನು ಹಿಮಾಲಯದ ದೊಡ್ಡ ಸಾಲೇ ಆಚೆ ಕಡೆ ತಡೆದುಬಿಡುತ್ತದೆ. ಈಚೆ ಬರುವ ನೀರು ಬಹುಪಾಲು ಚಳಿಗಾಲದ ಹಿಮದ್ದೇ.

ಕಾಜಾದಲ್ಲಿ ಎರಡು ದಿನ ಸುಮ್ನೆ ಕೂತೆವು, ಎತ್ತರಕ್ಕೆ ಮೈ ಒಗ್ಗಲಿ ಅಂತ. ಹಾಗಿದ್ದರೂ ಲಾಂಗ್ಜಾದ ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಊರಿರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಮಗ್ಗುಲು ಬದಲಿಸಿದರೂ ಏದುಸಿರು. ನಾವು ಉಳಿದ ಮನೆಯ ಹೆಂಗಸು ಬೆಳ್ಳುಳ್ಳಿ ಸಾರು ಮಾಡಿ ಕೊಟ್ಟರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅವರನ್ನು ದೀದಿ ಅಂದೆ, ಅವರು ನನ್ನನ್ನೂ ದೀದಿ ಅಂದರು. ನನ್ನ ಹಿಂದಿ ಅಷ್ಟಕ್ಕಷ್ಟೆ. ಅವರದ್ದೂ ಹಾಗೇ. ಅದಕ್ಕೇ ಇಬ್ಬರೂ ನಿಧಾನವಾಗಿ ಮಾತಾಡಿದೆವು, ಚೆನ್ನಾಗಿ ಅರ್ಥವಾಯಿತು.

ಊರು ಅಂದರೆ ಮೂವತ್ತು ಚಿಲ್ಲರೆ ಮನೆ. ಸುಣ್ಣ ಬಳಿದ ಮಣ್ಣಿನ ಗೋಡೆ, ಚಪ್ಪಟೆ ಮಾಡು. ಮಾಡಿನ ಅಂಚಿಗೆ ಚಳಿಗಾಲಕ್ಕೆಂದು ಹುಲ್ಲು, ಕಡ್ಡಿ ಒಟ್ಟಿರುತ್ತಾರೆ. ಮೇಲೆ ದೊಡ್ಡ ಬುದ್ಧನ ಮೂರ್ತಿ ಕಣಿವೆ ನೋಡುತ್ತಾ ಕೂತಿದೆ. ಹಿಂದೆ ಚೌ ಚೌ ಕಾಂಗ್ ನೀಲ್ದಾ ಶಿಖರ, 6,303 ಮೀಟರ್. ಬೆಳಿಗ್ಗೆ ಕಿಟಕಿ ತೆರೆದರೆ ಅದೇ ಮುಖಕ್ಕೆ ಬರುತ್ತದೆ. ನನಗೆ ಅದನ್ನು ನೋಡಿದಾಗಲೆಲ್ಲ ಕೈ ಮುಗಿಯಬೇಕು ಅನಿಸುತ್ತಿತ್ತು, ಮುಗಿದೆ.

ಒಲೆಗೆ ಅಲ್ಲಿ ಸೌದೆ ಇಲ್ಲ, ಮರವೇ ಇಲ್ಲವಲ್ಲ. ಯಾಕ್, ದನದ ಸಗಣಿಯ ಬೆರಣಿಯೇ ಉರುವಲು. ಕಕ್ಕಸು ಮಹಡಿಯ ಮೇಲೆ ಒಂದು ಕಿಂಡಿ. ನೀರು ಹಾಕುವ ಹಾಗಿಲ್ಲ, ಮಣ್ಣು, ಬೂದಿ ಹಾಕಬೇಕು. ಕೆಳಗಿನ ಕೋಣೆಯಲ್ಲಿ ಅದು ಗೊಬ್ಬರವಾಗುತ್ತದೆ, ವಸಂತದಲ್ಲಿ ಹೊಲಕ್ಕೆ ಹೋಗುತ್ತದೆ. ಮಗಳಿಗೆ ಮೊದಲು ಕಷ್ಟವಾಯಿತು. ನನಗೆ ಆಗಲಿಲ್ಲ. ಕೊಟ್ಟಿಗೆಗೆ ಸೊಪ್ಪು ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹೊತ್ತವಳು ನಾನು. ಅಷ್ಟು ಒಣಗಿದ, ವಾಸನೆಯಿಲ್ಲದ ಗೊಬ್ಬರ ಕಂಡು ನನಗೆ ಆಸೆಯೇ ಆಯಿತು.

ಎರಡನೇ ದಿನ ದೀದಿ ಬಟಾಣಿ ಕೊಯ್ಯಲು ಹೊರಟಾಗ ನಾನೂ ಹೋದೆ. ಬೇಡ, ಉಸಿರು ಕಟ್ಟುತ್ತದೆ ಅಂದರು. ಕೂತು ಕೊಯ್ಯುತ್ತೇನೆ ಅಂದೆ. ಮನೆಗೆ ಉಣ್ಣಲು ಜವೆಗೋಧಿ, ಕೈಗೆ ದುಡ್ಡು ಬರಲು ಹಸಿ ಬಟಾಣಿ. ಇದೇ ಅಲ್ಲಿಯ ಬೇಸಾಯ. ವರ್ಷಕ್ಕೆ ಒಂದೇ ಬೆಳೆ. ಬಯಲು ಸೀಮೆಯಲ್ಲಿ ಬಟಾಣಿ ಸಿಗದ ಹೊತ್ತಿಗೆ ಇಲ್ಲಿಯದು ಚೀಲ ತುಂಬಿ ಲಾರಿಯಲ್ಲಿ ಇಳಿಯುತ್ತದೆ, ಹಾಗಾಗಿ ಒಳ್ಳೆಯ ಬೆಲೆ. ಕೊಯ್ಯುತ್ತಾ ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಅಷ್ಟು ಸಿಹಿ ಬಟಾಣಿ ನಾನು ತಿಂದಿರಲಿಲ್ಲ.

ಹೊಲದ ತಲೆಯಲ್ಲಿ ಒಂದು ಸಣ್ಣ ಕಾಲುವೆ. ಕೂಲ್ ಅನ್ನುತ್ತಾರೆ. ಮೇಲಿನ ಹಿಮ ಕರಗಿದ ನೀರು ಅದರಲ್ಲಿ ಬರುತ್ತದೆ. ಬೆಳಿಗ್ಗೆ ಬೆರಳು ಗಾತ್ರ ಹರಿಯುತ್ತಿದ್ದದ್ದು ಮಧ್ಯಾಹ್ನ ಬಿಸಿಲೇರಿದ ಮೇಲೆ ತೋಳು ಗಾತ್ರವಾಯಿತು. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ಅನ್ನುವುದಕ್ಕೆಲ್ಲ ಪಾಳಿ ಇದೆ. ಹಳೆಯ ದೊಡ್ಡ ಮನೆಗಳಿಗೆ ಮೊದಲ ಹಕ್ಕು. ದೀದಿಯ ಮನೆಯ ಪಾಳಿ ಬಂದಾಗ ಒಂದು ಚಪ್ಪಟೆ ಕಲ್ಲು ಎತ್ತಿ, ಎರಡು ಹಿಡಿ ಮಣ್ಣು ಸರಿಸಿ ನೀರು ತಿರುಗಿಸಿದರು. ಹೊತ್ತು ಮುಗಿಯುತ್ತಲೇ ಅದೇ ಕಲ್ಲು, ಅದೇ ಮಣ್ಣು ಮತ್ತೆ ಜಾಗಕ್ಕೆ. ಒಂದು ಚೊಂಬು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ನಿಮ್ಮಲ್ಲಿ ನೀರು ಹೇಗೆ ಬಿಡುತ್ತೀರಿ?" ಅಂತ ಕೇಳಿದರು. ನಮ್ಮ ತೋಟದಲ್ಲಿ ನಾವು ಮಳೆಗಾಲದಲ್ಲಿ ಮಾಡುವ ಕೆಲಸ ನೀರು ಹೊರಗೆ ಕಳಿಸುವುದು, ಬಸಿಗಾಲುವೆ ಕೆಬರಿ ಕೆಬರಿ ನೀರು ಓಡಿಸುತ್ತೇವೆ ಅಂದೆ. ದೀದಿ ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನೀರನ್ನಾ? ಹೊರಗಾ?" ನಂಬಿಸಲು ಫೋನಲ್ಲಿದ್ದ ನಮ್ಮ ಅಂಗಳದ ವೀಡಿಯೊ ತೋರಿಸಿದೆ. ಮಾಡಿನಿಂದ ಸುರಿಯುವ ನೀರು, ಅತ್ತೆ ಕಂಬಳಿ ಕೊಪ್ಪೆ ಹಾಕಿ ಓಡುವುದು. ಅವರು ಅದನ್ನು ನಾಲ್ಕು ಸಲ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: ಹಿಂದೆ ಚಳಿಗಾಲದಲ್ಲಿ ಬಾಗಿಲು ಮುಚ್ಚುವಷ್ಟು ಹಿಮ ಬೀಳುತ್ತಿತ್ತಂತೆ. ಈಗೀಗ ಕೆಲವು ವರ್ಷ ಬೀಳುವುದೇ ಇಲ್ಲ. ಅಂಥ ವರ್ಷ ಬಿತ್ತಿದ್ದು ಹುಟ್ಟುವುದಿಲ್ಲ, ಕುಡಿಯುವ ನೀರಿಗೂ ದೂರ ಹೋಗಬೇಕು.

ಹೊತ್ತು ಇಳಿಯುವಾಗ ಅವರ ಮಾವ ಬಂದು ಬದುವಿನ ಮೇಲೆ ಕೂತರು. ಊರಿಗೆಲ್ಲ ಅವರು ಮೇಮೆ, ಅಂದರೆ ಅಜ್ಜ. ಮಣ್ಣಿನಲ್ಲಿ ಕೈಯಾಡಿಸಿ ಒಂದು ಕರಿ ಉಂಡೆಗಲ್ಲು ತೆಗೆದು ನನಗೆ ಕೊಟ್ಟರು. ಅರ್ಧ ಒಡೆದಿತ್ತು. ಒಳಗೆ ಸುರುಳಿ, ಸುರುಳಿಯ ಮೇಲೆ ಸಾಲು ಸಾಲು ಗೆರೆ.

ನನ್ನ ಕೈ ತಾನಾಗಿ ಹಿಂದೆ ಬಂತು. ಚಕ್ರ! ಅದೇ ಬಣ್ಣ, ಅದೇ ನುಣುಪು. "ಅಮ್ಮಾ, ಅಮೋನೈಟ್ ಅದು, ಹಿಡಿದುಕೋ" ಅಂದಳು ಮಗಳು. ಕಲ್ಲಾಗಿ ಉಳಿದ ಸಮುದ್ರದ ಜೀವಿ, 14-16 ಕೋಟಿ ವರ್ಷ ಹಿಂದಿನದು. ಆಗ ಇಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಭಾರತದ ನೆಲ ಬಂದು ಏಷ್ಯಾಕ್ಕೆ ಒತ್ತಿದಾಗ ಅದರ ತಳವೇ ಮೇಲೆದ್ದು ಬೆಟ್ಟವಾಯಿತು. ಈ ಕರಿ ಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಸ್ಪಿತಿ ಶೇಲ್. ಅದೇ ಪದರ ನೇಪಾಳದವರೆಗೂ ಹೋಗಿದೆ. ಅಲ್ಲಿ ಗಂಡಕಿ ನದಿ ಅದನ್ನು ಕೊರೆದು ತರುವ ಕಲ್ಲುಗಳೇ ನಮ್ಮ ಮನೆಗಳ ಸಾಲಿಗ್ರಾಮ.

ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಸಿಲಿಗೆ ಬೆಚ್ಚಗಿತ್ತು. ನನಗೆ ಅಳು ಬಂತು. ಮೂವತ್ತು ವರ್ಷ ಆ ಕಲ್ಲು ತೊಳೆದ ನೀರು ಕುಡಿದಿದ್ದೇನೆ. ಅದು ಸಮುದ್ರದಿಂದ ಬಂದದ್ದು ಅಂತ ಅವತ್ತೇ ಗೊತ್ತಾಗಿದ್ದು. ಆ ಸಮುದ್ರದ ತಳದಲ್ಲೇ ಕೂತು ದೀದಿ ನೀರಿಗೆ ಪಾಳಿ ಕಾಯುತ್ತಿದ್ದರು.

ಇಟ್ಟುಕೋ ಅಂದರು ಮೇಮೆ. ಊರಿನ ಮಕ್ಕಳು ಇಂಥ ಕಲ್ಲು ಆರಿಸಿ ಪ್ರವಾಸಿಗರಿಗೆ ಮಾರುವುದನ್ನು ಬೆಳಿಗ್ಗೆಯೇ ನೋಡಿದ್ದೆ. ಹೀಗೇ ಒಯ್ದರೆ ನಾಳೆ ಊರಲ್ಲಿ ಏನೂ ಉಳಿಯುವುದಿಲ್ಲ ಅಂತ ದೀದಿಯೇ ಬೇಸರಪಟ್ಟಿದ್ದರು. ದಯವಿಟ್ಟು ಅಲ್ಲಿಗೆ ಹೋದವರು ಕೊಳ್ಳಬೇಡಿ, ತರಲೂಬೇಡಿ. ನಾನು ಒಂದು ಚೊಂಬು ನೀರು ಕೇಳಬೇಕು, ತೊಳೆಯಬೇಕು ಅಂದುಕೊಂಡೆ. ಆ ಊರಲ್ಲಿ ಹಾಗೆ ನೀರು ಕೇಳಲು ಬಾಯಿ ಬರಲಿಲ್ಲ. ಸೆರಗಲ್ಲಿ ಒರೆಸಿ ಬದುವಿನ ಮೇಲೆ ಇದ್ದ ಜಾಗದಲ್ಲೇ ಇಟ್ಟೆ.

ಮರುದಿನ ಹಿಕ್ಕಿಂ ಅಂಚೆ ಕಚೇರಿಗೆ ಹೋಗಿ ಅತ್ತೆಗೆ ಒಂದು ಕಾರ್ಡು ಬರೆದೆ. 1983ರಿಂದ ಇರುವ ಕಚೇರಿ ಅದು. ಸಾಲಿಗ್ರಾಮದ ತೌರುಮನೆ ನೋಡಿದೆ ಅಂತ ಬರೆದಿದ್ದೆ. ಕಾರ್ಡು ತಲುಪಲು ಹತ್ತೊಂಬತ್ತು ದಿನ ಹಿಡಿಯಿತು, ಅಷ್ಟರಲ್ಲಿ ನಾನೇ ಮನೆ ಸೇರಿದ್ದೆ. ಅತ್ತೆ ಅದನ್ನು ಸಂಪುಟದ ಪಕ್ಕದಲ್ಲೇ ಇಟ್ಟಿದ್ದಾರೆ. ಮುಟ್ಟಿದೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಣ್ಣಗಿತ್ತಾ?" ಅಂತ ಕೇಳಿದರು.

2023ರಲ್ಲಿ ನಮ್ಮಲ್ಲೂ ಮಳೆ ಕೈಕೊಟ್ಟಿತು. ಮರುವರ್ಷ ಜನವರಿಗೇ ಮನೆ ಹಿಂದಿನ ಹಳ್ಳ ಸೊರಗಿತು. ತೋಟಕ್ಕೆ ನೀರು ಬಿಡಲು ನಾವೂ ಪಕ್ಕದ ಮೂರು ಮನೆಯವರೂ ಕೂತು ಪಾಳಿ ಮಾಡಿಕೊಂಡೆವು. ಆ ಚೀಟಿ ಬರೆದದ್ದು ನಾನೇ. ಅದೇ ಜನವರಿಯಲ್ಲಿ ಹಿಮಾಚಲದಲ್ಲಿ ಹಿಮ ಬಿದ್ದಿಲ್ಲ ಅಂತ ಸುದ್ದಿಯಲ್ಲಿ ಕೇಳುತ್ತಲೇ ಇದ್ದೆ. ದಿನಾ ದೀದಿಯ ನೆನಪು, ಆದರೆ ಫೋನ್ ಮಾಡಿ ಕೇಳಲು ಹೆದರಿಕೆ.

ಫೆಬ್ರವರಿ ಮೊದಲ ವಾರ ಒಂದು ಸಂಜೆ ಅವರೇ ಮಾಡಿದರು, ಕಾಜಾದಿಂದ. "ದೀದಿ, ಬರ್ಫ್ ಬಿತ್ತು! ಮೂರು ದಿನದಿಂದ!" ನಾನು ಸ್ಪ್ರಿಂಕ್ಲರ್ ಪೈಪು ಬದಲಿಸುತ್ತಾ ತೋಟದಲ್ಲಿದ್ದೆ. ಪೈಪು ಅಲ್ಲೇ ಬಿಟ್ಟು, ಅತ್ತೆಗೆ ಹೇಳಲು ಮನೆಗೆ ಓಡಿದೆ.