ಅರಬೈಲ್ ಘಾಟು, ದೊಡ್ಡ ಗೇರು, ಮತ್ತ ನನ್ನ ಎವರೇಜು

ನಾ ಹುಬ್ಬಳ್ಳಿಯಾಗ ಟ್ರೇಲರ್ ಹೊಡಿತೀನ್ರಿ, ಮೊದಲ ಹತ್ತು ಗಾಲಿ ಲಾರಿ ಮ್ಯಾಲ ಇದ್ದೆ. ಮಂಗಳೂರು ಬಂದರದಾಗ ಗೊಬ್ಬರ ತುಂಬಕೊಂಡು ಅಂಕೋಲಾದಾಗ ಹೊಳ್ಳಿ, ಯಲ್ಲಾಪುರ, ಕಲಘಟಗಿ ಮ್ಯಾಲಿಂದ ಊರಿಗೆ ಬರೋದು, ಗಾಡಿ ಲೋಡು ಕೂಡಿ 55 ಟನ್.

ಟ್ರೇಲರ್ ಹತ್ತಿದ ಮೊದಲನೇ ತಿಂಗಳ ಮಾಲಕ್ರು ಕರದು, ಅದ ರೂಟು, ಅಂಥದ್ದ ಗಾಡಿ, ಇನ್ನೊಬ್ಬ ಡ್ರೈವರಂದು ಲೀಟರಿಗೆ 2.8 ಕಿಲೋಮೀಟರ್ ಬರತೈತಿ ನಿಂದು 2.4 ಯಾಕೋ ತಮ್ಮಾ ಅಂದ್ರು. ಡೀಸೆಲ್ ಮಾರ್ಕೊಂಡಿ ಏನು ಅಂತ ಬಾಯಿಬಿಟ್ಟು ಕೇಳಲಿಲ್ಲ ಅಷ್ಟ, ಆ ರಾತ್ರಿ ಊಟ ಸೇರಲಿಲ್ಲ.

ನನಗ ಕಲಿಸಿದ ಉಸ್ತಾದ್ರು ಹೇಳಿದ್ದು ಒಂದ ಮಾತು, ಗೇರ್ ದೊಡ್ಡದಿರಲಿ ಆರ್‌ಪಿಎಂ ಸಣ್ಣದಿರಲಿ, ಡೀಸೆಲ್ ತಾನ ಉಳಿತೈತಿ. ಆರ್‌ಪಿಎಂ ಅಂದ್ರ ಇಂಜಿನ್ ಮಿನಿಟಿಗೆ ಹೊಡಿಯೋ ಸುತ್ತು. ನಾ ಅದನ್ನ ಅಂಕೋಲಾ-ಯಲ್ಲಾಪುರ ನಡುವಿನ ಅರಬೈಲ್ ಘಾಟಿನ ಏರಿನ್ಯಾಗೂ ಬಿಡಲಿಲ್ಲ. ಆರ್‌ಪಿಎಂ ಮುಳ್ಳು 1000ಕ್ಕ ಇಳದು ಕ್ಯಾಬಿನ್ ಗಡಗಡ ನಡಗೂತನಾ ಗೇರ್ ಇಳಸ್ತಿರಲಿಲ್ಲ, ಆಮ್ಯಾಲ ಗಡಿಬಿಡಿಲೆ ಕ್ಲಚ್ ಒತ್ತೋದ್ರಾಗ ಗಾಡಿ ನಿಂತಂಗ ಆಗಿರ್ತಿತ್ತು, ಒಂದ ಗೇರ್ ಇಳಸೋ ಕಡೆ ಮೂರು ಇಳಸಬೇಕು, ಎರಡ ಸಲ ಅಂತೂ ಪೂರಾ ನಿಂತು ಫಸ್ಟಿನ್ಯಾಗ ಹಾಫ್ ಕ್ಲಚ್ ಮ್ಯಾಲ ಎಬ್ಬಿಸಿದೆ, ಕ್ಲಚ್ ಪ್ಲೇಟ್ ವಾಸನಿ ಯಲ್ಲಾಪುರ ಮುಟ್ಟೂತನಾ ಮೂಗಿನ್ಯಾಗ ಇತ್ತು. ಹಳೇ ಗಾಡಿ ಆಗಿದ್ರ ಇಂಜಿನ್ನಿಗೆ ತ್ರಾಸ ಆಗಾಕತ್ತೈತಿ ಅಂತ ಕರೀ ಹೊಗಿ ಬಿಟ್ಟು ಹೇಳ್ತಿತ್ತು, ಹೊಸ ಹೊಗಿ ನಿಯಮದ ಈ ಬಿಎಸ್ ಸಿಕ್ಸ್ ಗಾಡಿ ಹೊಗಿನೂ ತೋರಸಂಗಿಲ್ಲ.

2.8ರ ಅಣ್ಣನ್ನ ಒಂದ ಟ್ರಿಪ್ ಬಾಜೂಕ ಕುಂದರಿಸಿಕೊಂಡೆ. ಏರು ಕಂಡ ಕೂಡಲೆ, ಮುಳ್ಳು 1400ಕ್ಕ ಬರೋದ್ರಾಗ ಇಳಸೋ, ಇಳಸೋ ಅಂತ ತೊಡಿ ಬಡದ. ಗಾಡಿಗೆ ಓಟ ಇದ್ದಾಗನ ಇಳಸಿದ್ದಕ್ಕ ಒಂದ ಗೇರಿನ್ಯಾಗ ಕೆಲಸ ಮುಗೀತು, ಸ್ಪೀಡು ಸಾಯಲಿಲ್ಲ.

ಯಾಕ ಹಿಂಗ ಅಂತ ಆಮ್ಯಾಲ ಲೆಕ್ಕ ಹಾಕಿ ನೋಡಿದೆ. ನಮ್ಮ ಇಂಜಿನ್ 250 ಹಾರ್ಸ್‌ಪವರ್, ಟಾರ್ಕ್ ಅಂದ್ರ ತಿರುವೋ ಬಲ 950 ನ್ಯೂಟನ್ ಮೀಟರ್, ಅದು 1000ದಾಗೂ ಅಷ್ಟ 1700ರಾಗೂ ಅಷ್ಟ. ಹಂಗಾದ್ರ 1000ದಾಗ ಎಳದ್ರ ಏನ್ ತಪ್ಪು ಅನಸ್ತೈತಿ. ಆದ್ರ ಪವರ್ ಅಂದ್ರ ಟಾರ್ಕ್ ಗುಣಲೆ ಆರ್‌ಪಿಎಂ, 1000ದಾಗ ಸಿಗೋದು ಸುಮಾರು 135 ಹಾರ್ಸ್‌ಪವರ್, 1700ರಾಗ 230. ಏರಿನ್ಯಾಗ 55 ಟನ್ ಎತ್ತಾಕ ಬೇಕಾಗೋದು ಈ ಪವರ್. ಮ್ಯಾಲ ಕೆಳಗಿನ ಗೇರಿನ್ಯಾಗ ಗಾಲಿಗೆ ಹೋಗೋ ಎಳೆತನೂ ಹೆಚ್ಚು.

ಉಸ್ತಾದ್ರು ಸುಳ್ಳ ಹೇಳಿದ್ದಿಲ್ಲ, ಕಲಘಟಗಿ ದಾಟಿ ಬಯಲು ಹತ್ತಿದ ಮ್ಯಾಲ ಈಗೂ ಟಾಪ್ ಗೇರ್, 1300, ಸ್ಪೀಡು 55ರ ಆಚೆ ಈಚೆ.

ಘಾಟು ಇಳಿಯೋವಾಗ ನ್ಯೂಟ್ರಲ್ ಹಾಕೋದು ಪೂರಾ ಬಿಟ್ಟೀನಿ. ಮೊದಲ ಡೀಸೆಲ್ ಉಳೀಲಿ ಅಂತ ನ್ಯೂಟ್ರಲ್ ಹೊಡಿತಿದ್ದೆ, ಗ್ವಾಡಂಬಿ ತಿಂದಷ್ಟು ಖುಷಿ. ಗೇರಿನ್ಯಾಗ ಇಟ್ಟು ಎಕ್ಸಲೇಟರ್ ಬಿಟ್ರ ಈಗಿನ ಕಾಮನ್ ರೈಲ್ (ಕಂಪ್ಯೂಟರ್ ಲೆಕ್ಕದಾಗ ಡೀಸೆಲ್ ಬಿಡೋ) ಇಂಜಿನ್ ಡೀಸೆಲ್ ಪೂರಾ ಬಂದ್ ಮಾಡತೈತಿ, ನ್ಯೂಟ್ರಲ್‌ನ್ಯಾಗ ಐಡ್ಲಿಂಗಿಗೆ ಕುಡೀತನ ಇರತೈತಿ, ಇಂಜಿನ್ ಹೊಗಿ ತಡದು ಗಾಡಿ ಹಿಡಿಯೋ ಎಕ್ಸಾಸ್ಟ್ ಬ್ರೇಕೂ ಕೆಲಸ ಮಾಡಂಗಿಲ್ಲ, ಎಲ್ಲಾ ಭಾರ ಗಾಲಿ ಬ್ರೇಕ್ ಡ್ರಮ್ ಮ್ಯಾಲ.

ಈಗ ನಂದು 2.7 ಬರಾಕತ್ತೈತಿ. ಉಸ್ತಾದ್ರಿಗೆ ಹೇಳಿದೆ, ನಕ್ಕು "ಅದೆಲ್ಲಾ ಇರಲಿ, ಮಾಲಕ ಭತ್ತೆ ಎಷ್ಟ ಏರಿಸಿದಾ?" ಅಂದ್ರು.